ಕೆಂಪು ಚಪ್ಪಲಿ, ನೀಲಿ ಚಪ್ಪಲಿ

ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕಿಕೊಂಡು ಬಾಲ್ಕನಿಗೆ ಬಂದು, ಇವರ ಒಂದು ಅಂಗಿಯನ್ನು ಒದರಿ ತಂತಿಗೆ ಹಾಕುವಷ್ಟರಲ್ಲಿ ಒಳಗೆ ಫೋನು ಹೊಡೆದುಕೊಳ್ಳತೊಡಗಿತು. ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡಿದ್ದೆ. ಅದನ್ನು ತೆಗೆಯುವುದನ್ನೂ ಮರೆತು ಓಡಿಹೋಗಿ ಒದ್ದೆ ಕೈಯಲ್ಲೇ ಫೋನು ಎತ್ತಿದೆ. ಆಸ್ಪತ್ರೆಯಿಂದ ಇನ್ನು ಯಾವ ಫೋನೂ ಬರಬೇಕಾದ್ದಿಲ್ಲ. ಅದು ಗೊತ್ತಿದ್ದರೂ ಫೋನು ಹೊಡೆದುಕೊಂಡರೆ ಈಗಲೂ ಹೀಗೇ ಓಡುತ್ತೇನೆ.

ಫೋನು ಮಾಡಿದ್ದು ಮಗಳ ಶಿಶುವಿಹಾರದಿಂದ.

"ಗಾಬರಿ ಆಗ್ಬೇಡಿ ಅಮ್ಮಾ, ಮಗು ಆರಾಮಾಗಿದಾಳೆ. ಮಧ್ಯಾಹ್ನ ಬಿಡೋಕಿಂತ ಸ್ವಲ್ಪ ಮುಂಚೆ ಬರೋಕಾಗುತ್ತಾ? ನಾವಿಬ್ರೂ ಮಿಸ್‌ಗಳು ನಿಮ್ಮ ಹತ್ರ ಮಾತಾಡ್ಬೇಕಿತ್ತು."

"ಮ್ಮ್," ಅಂದೆ.

"ಏನಂದ್ರಿ?"

ಕ್ಲಿಪ್ಪು ತೆಗೆದೆ. "ಬರ್ತೀನಿ ಮಿಸ್."

ಇವರಿಗೆ ಫೋನು ಮಾಡಿದೆ. ಇವರು ಗಾಜಿನ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಕಿಟಕಿಗೆ, ಕಪಾಟಿಗೆ ಅಳತೆ ಹಿಡಿದು ಗಾಜು ಕತ್ತರಿಸುವ ಕೆಲಸ. ಹಿಂದಿನಿಂದ ಗಾಜು ಉಜ್ಜುವ ಯಂತ್ರದ ಸದ್ದು ಕೇಳುತ್ತಿತ್ತು.

"ಏನಂತೆ? ಯಾರನ್ನಾದ್ರೂ ಕಚ್ಚಿದ್ಲಾ?"

"ಅಯ್ಯೋ, ಕಚ್ಚೋದೇನ್ರೀ?"

"ಕಚ್ಚಿದ್ರೂ ಒಳ್ಳೇದೇ ಮಾರಾಯ್ತಿ, ಬಾಯಾದ್ರೂ ತೆಗೀತಾಳಲ್ಲ." ಆಮೇಲೆ ಮೆಲ್ಲಗೆ, "ನೀನು ಏನೂ ಹೇಳೋಕೆ ಹೋಗ್ಬೇಡ. ಅವಳು ಪಾಪುನ ಮರೆತಿದಾಳೆ. ಮರೆತಿದ್ದನ್ನ ಯಾಕೆ ಕೆದಕ್ತೀಯ?" ಅಂದರು.

ಬಾಲ್ಕನಿಗೆ ವಾಪಸು ಬಂದೆ. ಬಟ್ಟೆ ಹಾಕಲು ಕೈ ಏಳಲಿಲ್ಲ. ಇವರ ಪ್ಯಾಂಟು, ಮಗಳ ಲಂಗ, ಟವೆಲ್ಲು, ಎಲ್ಲದರ ಕೆಳಗೆ ನನ್ನ ಅಂಗೈಯಷ್ಟೇ ಇರುವ ಒಂದು ಬಿಳಿ ಅಂಗಿ. ಯಾರೂ ತೊಡದ ಅಂಗಿ. ಆದರೂ ಪ್ರತಿ ಸಲ ಬಟ್ಟೆ ಒಗೆಯುವಾಗ ಅದನ್ನೂ ಸೋಪಿನ ನೀರಿಗೆ ಅದ್ದಿ ತೆಗೆದು ತಂತಿಗೆ ಹಾಕುತ್ತೇನೆ, ಮಗಳ ಕಣ್ಣಿಗೆ ಕಾಣಲಿ ಅಂತ. ಪಾಪು ಇನ್ನೂ ಆಸ್ಪತ್ರೆಯಲ್ಲೇ ಇದೆ, ಅದಕ್ಕೆ ಅಂಗಿ ಒಯ್ಯಬೇಕು, ಅಂತ ಅವಳು ಅಂದುಕೊಳ್ಳಲಿ ಅಂತ.

ಬಕೆಟ್ಟನ್ನು ಹಾಗೇ ಮೂಲೆಗೆ ತಳ್ಳಿ ಒಳಗೆ ಬಂದೆ.

*

ಪಾಪು ದಿನ ತುಂಬುವ ಮೊದಲೇ ಹುಟ್ಟಿತು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮಗಳನ್ನು ಒಂದು ದಿನ ಕರೆದುಕೊಂಡು ಹೋಗಿ ಹೊರಗಿನಿಂದಲೇ ತೋರಿಸಿದೆವು. ಅವಳು ಗಾಜಿಗೆ ಮೂಗು ಒತ್ತಿ ನಿಂತು, "ಈ ಪೆಟ್ಟಿಗೆ ಅಪ್ಪ ಮಾಡಿದ್ದಾ?" ಅಂದಳು. ಇವರು ಹೌದು ಅಂದುಬಿಟ್ಟರು. ಅದಾದ ಮೇಲೆ ಬೀದಿಯಲ್ಲಿ ಸಿಕ್ಕ ಸಿಕ್ಕವರಿಗೆಲ್ಲ, ನಮ್ಮಪ್ಪ ಪಾಪುಗೆ ಗಾಜಿನ ಮನೆ ಕಟ್ಟಿದಾರೆ, ಅದು ಒಳಗೆ ಬೆಚ್ಚಗಿದೆ ಅಂತ ಅದೇ ಸುದ್ದಿ.

ಅವಳು ಅಷ್ಟು ಮಾತಿನ ಮಲ್ಲಿ. ಬೆಳಿಗ್ಗೆ ಕಣ್ಣು ಬಿಟ್ಟರೆ ಶುರು, ಹಲ್ಲುಜ್ಜುವಾಗ ನೊರೆಯ ನಡುವೆಯೂ ಮಾತು. ಅದಕ್ಕೇ ಇವರು ಅವಳಿಗೆ 'ಪಿಟೀಲು' ಅಂತ ಹೆಸರಿಟ್ಟಿದ್ದರು. "ಏ ಪಿಟೀಲು, ಸ್ವಲ್ಪ ಕುಯ್ಯೋದು ನಿಲ್ಸು ತಾಯಿ, ಕಿವಿ ತೂತು ಬೀಳ್ತಿದೆ," ಅನ್ನುವರು. ನಾವು ಬೇರೆ ಕಡೆಯಿಂದ ಬಂದವರು; ಈ ಊರಿನ ಮಾತು, ನಾವು ಊರಮಾತು ಅನ್ನುವುದು, ನಮಗಿಬ್ಬರಿಗೂ ದೊಡ್ಡವರಾದ ಮೇಲೆ ಬಂದದ್ದು. ತರಕಾರಿ ಕೊಳ್ಳಲು, ಬಸ್ಸು ಕೇಳಲು ಸಾಕು, ಅಷ್ಟೇ. ಮಗಳು ಶಿಶುವಿಹಾರಕ್ಕೆ ಸೇರಿದ ಮೇಲೆ ಅದನ್ನು ಅರಳು ಹುರಿದ ಹಾಗೆ ಆಡುತ್ತಿದ್ದಳು. ಇವರು ಅಂಗಡಿಯವನ ಹತ್ತಿರ ಏನಾದರೂ ತಪ್ಪು ಹೇಳಿದರೆ ಅಂಗಿ ಎಳೆದು, "ಹಾಗಲ್ಲಪ್ಪಾ, ಹೀಗೆ" ಅನ್ನುವಳು. "ಬಂದ್ಲಪ್ಪ ನಮ್ಮ ಹೆಡ್ ಮೇಷ್ಟ್ರು," ಅಂತ ಇವರು ತಲೆಗೆ ಮೊಟಕುವರು.

ಅವಳು ಚಿಕ್ಕವಳಿದ್ದಾಗಿನಿಂದ ನಮ್ಮದೊಂದು ಅಭ್ಯಾಸ. ಅವಳಿಗೆ ಗೊತ್ತಾಗಬಾರದ್ದು ಏನಿದ್ದರೂ ನಾವಿಬ್ಬರೂ ಊರಮಾತಿನಲ್ಲಿ ಆಡಿಕೊಳ್ಳುವುದು. ಮಿಠಾಯಿ ಎಲ್ಲಿಟ್ಟಿದೆ, ನಾಳೆ ಸೂಜಿ ಚುಚ್ಚಿಸಬೇಕು, ಇಂಥವು.

ಆ ಸಂಜೆ ಆಸ್ಪತ್ರೆಯಿಂದ ಫೋನು ಬಂದಾಗ ಇವರೇ ಎತ್ತಿದರು. ನಾನು ಮಗಳ ಜೊತೆ ಮೇಜಿನ ಹತ್ತಿರ ಕೂತು ಬಟಾಣಿ ಬಿಡಿಸುತ್ತಿದ್ದೆ. ಅವಳು ಕಾಳುಗಳನ್ನು ಸಾಲಾಗಿ ಜೋಡಿಸಿ ರೈಲು ಮಾಡುತ್ತಿದ್ದಳು. ಇವರು ಫೋನು ಕೆಳಗಿಟ್ಟು, ಗೋಡೆ ನೋಡುತ್ತಾ, ಊರಮಾತಿನಲ್ಲಿ ಹೇಳಿದರು. ಮಗು ಸತ್ತುಹೋಯಿತು. ನಾನೂ ಊರಮಾತಿನಲ್ಲೇ ಕೇಳಿದೆ, ಯಾವಾಗ? ಈಗ, ಅಂದರು. ಟೊಮೇಟೊ ಹೇಗೆ ಕೊಡ್ತೀರಿ ಅಂತ ಕೇಳುವ ಮಾತಿನಲ್ಲಿ ನನ್ನ ಕೂಸು ಹೋದದ್ದನ್ನು ಕೇಳಿದೆ. ಅಳು ಬರಲಿಲ್ಲ. ಬಟಾಣಿ ಬಿಡಿಸುತ್ತಲೇ ಇದ್ದೆ.

ಇವರು ಮಗಳ ತಲೆ ಸವರಿ ನಮ್ಮ ಮಾತಿನಲ್ಲಿ, "ಪಿಟೀಲು, ನಾನೂ ಅಮ್ಮಾನೂ ಪಾಪುಗೆ ಹಾಲು ಕೊಟ್ಟು ಬರ್ತೀವಿ. ನೀನು ಪಕ್ಕದ ಮನೇಲಿ ಆಟ ಆಡ್ತಿರು, ಆಯ್ತಾ?" ಅಂದರು.

"ಆಯ್ತು," ಅಂದಳು. ರೈಲಿನ ಕೊನೆಯ ಕಾಳನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡಿದ್ದಳು.

ನೆಂಟರಿಗೆಲ್ಲ ಇವರೇ ಅಂಗಡಿಯಿಂದ ಫೋನು ಮಾಡಿ ತಿಳಿಸಿದರು. ನನ್ನ ಅಮ್ಮ ಫೋನಿನ ಆ ಕಡೆಯಿಂದ ಅತ್ತಳು. ನಾನು ಈ ಕಡೆಯಿಂದ ಹ್ಞೂಂ, ಹ್ಞೂಂ ಅಂದೆ. ಮನೆಯೊಳಗೆ ನಾವಿಬ್ಬರೇ ಇದ್ದಾಗಲೂ ಆ ವಿಷಯ ಬಂದರೆ ಊರಮಾತು. ಮಗಳಿಗೆ ಹೇಳಬೇಕು, ಬೇರೆ ಯಾರ ಬಾಯಿಂದಲೋ ತಿಳಿಯುವ ಮೊದಲು ನಾನೇ ಹೇಳಬೇಕು ಅಂತ ದಿನವೂ ಅಂದುಕೊಳ್ಳುತ್ತಿದ್ದೆ. ಜಡೆ ಹೆಣೆಯುವಾಗ ಹೇಳೋಣ, ಊಟಕ್ಕೆ ಕೂತಾಗ ಹೇಳೋಣ. ಜಡೆ ಮುಗಿಯುತ್ತಿತ್ತು, ಊಟವೂ ಮುಗಿಯುತ್ತಿತ್ತು.

ಅವಳು ಮಾತ್ರ ಆ ಸಂಜೆಯ ನಂತರ ಪಾಪು ಯಾವಾಗ ಬರುತ್ತೆ ಅಂತ ಕೇಳಲೇ ಇಲ್ಲ. ಮೊದಲೆಲ್ಲ ಅದೇ ಜಪ. ಈಗ ಆ ಮಾತೂ ಇಲ್ಲ, ಬೇರೆ ಮಾತೂ ಇಲ್ಲ. ಹಸಿವಾದರೆ ತಟ್ಟೆ ತಂದಿಡುತ್ತಾಳೆ. ಬೇಡವಾದರೆ ತಲೆ ಅಲ್ಲಾಡಿಸುತ್ತಾಳೆ. "ಏನೇ ಪಿಟೀಲು, ತಂತಿ ಕಿತ್ತುಹೋಯ್ತೇನೇ?" ಅಂತ ಇವರು ಕಚಗುಳಿ ಇಟ್ಟರೆ ಮೈ ಕೊಸರಿಕೊಂಡು ಹೋಗಿ ಮಂಚದ ಮೂಲೆಯಲ್ಲಿ ಕೂರುತ್ತಾಳೆ.

*

ಶಿಶುವಿಹಾರದಲ್ಲಿ ಎರಡು ಕೋಣೆ, ನಡುವೆ ಒಂದು ದಪ್ಪ ಪರದೆ. ಪರದೆಯ ಆಚೆ ಊರಮಾತು, ಈಚೆ ಮನೆಮಾತು. ಅಲ್ಲಿಗೆ ಬರುವುದೆಲ್ಲ ನಮ್ಮಂಥವರ ಮಕ್ಕಳೇ, ಮನೆಯಲ್ಲಿ ನಮ್ಮ ಮಾತು ಆಡುವವರು. ಆ ಕೋಣೆಯ ಟೀಚರನ್ನು ಮಕ್ಕಳು ಊರ ಮಿಸ್ ಅನ್ನುತ್ತಾರೆ, ಈ ಕೋಣೆಯವರನ್ನು ಮನೆ ಮಿಸ್. ಊರಮಾತಿನ ಕೋಣೆಗೆ ಕೆಂಪು ಬಟ್ಟೆಯ ಚಪ್ಪಲಿ, ಮನೆಮಾತಿನ ಕೋಣೆಗೆ ನೀಲಿ. ಪರದೆಯ ಹತ್ತಿರ ಕೂತು ಚಪ್ಪಲಿ ಬದಲಾಯಿಸಿದರೆ ಮಾತೂ ಬದಲಾಗಬೇಕು. ಎರಡು ಜೊತೆಯನ್ನೂ ತಾಯಂದಿರೇ ಹೊಲಿದು ಕೊಡಬೇಕೆಂದು ಸೇರಿಸುವಾಗಲೇ ಹೇಳಿದ್ದರು. ನನ್ನ ಹಳೆಯ ಶಾಲು ಕತ್ತರಿಸಿ ಕೆಂಪು ಜೊತೆ ಹೊಲಿದೆ, ಇವರ ಕೆಲಸದ ಪ್ಯಾಂಟಿನಿಂದ ನೀಲಿ ಜೊತೆ.

ಒಬ್ಬ ಮಿಸ್‌ಗೆ ಇನ್ನೊಬ್ಬರ ಮಾತು ಬರುವುದಿಲ್ಲ ಎಂಬುದು ಅಲ್ಲಿನ ಕಟ್ಟುನಿಟ್ಟು. ಬರುತ್ತದೋ ಇಲ್ಲವೋ, ಬರುವುದಿಲ್ಲ ಅಂತಲೇ ನಡೆದುಕೊಳ್ಳುತ್ತಾರೆ. ಕೆಂಪು ಚಪ್ಪಲಿ ಹಾಕಿಕೊಂಡು ಮನೆಮಾತಿನಲ್ಲಿ ನೀರು ಕೇಳಿದರೆ ಊರ ಮಿಸ್ ಕಿವಿಗೆ ಕೈ ಇಟ್ಟು ಪಿಳಿಪಿಳಿ ನೋಡುತ್ತಾ ನಿಲ್ಲುವರಂತೆ. ನಮ್ಮವಳು ಅದನ್ನು ಪೂರಾ ನಂಬಿದ್ದಳು. "ಪಾಪ ಅಮ್ಮಾ, ಊರ ಮಿಸ್‌ಗೆ ನಮ್ಮ ಮಾತು ಒಂದಕ್ಷರಾನೂ ಬರಲ್ಲ. ನಾನು ಕಲಿಸ್ಲಾ ಅಂದ್ರೆ ಚಪ್ಪಲಿ ತೋರಿಸ್ತಾರೆ," ಅಂದಿದ್ದಳು ಒಂದು ದಿನ. ಇವರು ಬಿದ್ದು ಬಿದ್ದು ನಕ್ಕಿದ್ದರು. "ಯಾರಿಗೇ? ನಿಂಗಾ? ಸರಿಯಾಗೇ ತೋರ್ಸಿದಾರೆ ಬಿಡು!" ಆ ನಗು ಈಗ ಯಾವುದೋ ಬೇರೆ ಮನೆಯದ್ದು ಅನ್ನಿಸುತ್ತದೆ.

ನಾನು ಹೋದಾಗ ಪಾಠ ಇನ್ನೂ ಮುಗಿದಿರಲಿಲ್ಲ. ಹಜಾರದಲ್ಲಿ ಮಕ್ಕಳ ಕುರ್ಚಿಯ ಮೇಲೆ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತೆ. ಎದುರಿಗಿದ್ದದ್ದು ಊರಮಾತಿನ ಕೋಣೆಯ ಕಿಟಕಿ. ಗಾಜಿನಾಚೆ ಮಗಳು ಕಂಡಳು. ಎದೆಗೆ ಒಂದು ಗೊಂಬೆ ಒತ್ತಿಕೊಂಡು, ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದು ಹುಡುಗಿಗೆ ಬೈಯುತ್ತಿದ್ದಳು. ಎಷ್ಟು ಮಾತು! ಕೈ ಬಾಯಿ ಎರಡೂ ಕುಣಿಯುತ್ತಿದ್ದವು. ಕಿಟಕಿ ಮುಚ್ಚಿದ್ದರೂ ದನಿ ಹೊರಗೆ ಬರುತ್ತಿತ್ತು. ನನ್ನ ಪಿಟೀಲು ಅಲ್ಲಿ ಜೋರಾಗಿಯೇ ಬಾರಿಸುತ್ತಿತ್ತು. ಮನೆಯಲ್ಲಿ ಒಂದು ಮಾತಿಗಾಗಿ ಕಾದು ಕಾದು ಸಾಕಾಗಿದ್ದ ನಾನು ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡೆ.

ಊರ ಮಿಸ್ ಚಪ್ಪಾಳೆ ತಟ್ಟಿದರು. ಮಕ್ಕಳು ಪರದೆಯ ಹತ್ತಿರ ಸಾಲಾಗಿ ಕೂತು ಚಪ್ಪಲಿ ಬದಲಾಯಿಸತೊಡಗಿದರು. ಅವಳೂ ಕೆಂಪು ಜೊತೆ ಬಿಚ್ಚಿ, ಗೂಡಿನಲ್ಲಿಟ್ಟು, ನೀಲಿ ಜೊತೆ ಹಾಕಿಕೊಂಡಳು. ಪರದೆ ಸರಿಸಿ ಈಚೆ ಬಂದವಳ ಮುಖ, ದೀಪ ಆರಿಸಿದ ಕೋಣೆಯ ಹಾಗೆ ಆಗಿಬಿಟ್ಟಿತ್ತು.

ಮನೆಮಾತಿನ ಕೋಣೆಯ ಬಾಗಿಲು ತೆರೆದೇ ಇತ್ತು. ಮಕ್ಕಳೆಲ್ಲ ಚಾಪೆಯ ಮೇಲೆ ದುಂಡಗೆ ಕೂತರು. ದಿನವೂ ಒಬ್ಬೊಬ್ಬರು ಮನೆಯ ಒಂದು ಸುದ್ದಿ ಹೇಳಬೇಕು.

"ನಮ್ಮಜ್ಜ ಮಲಗಿದ್ರೆ ಅವರ ಹಲ್ಲು ಲೋಟದಲ್ಲಿ ಮಲಗುತ್ತೆ," ಅಂದ ಒಬ್ಬ.

"ನಮ್ಮನೇಲಿ ಬೆಕ್ಕು ಬಂದಿತ್ತು. ಅಮ್ಮ ಪೊರಕೆ ತಗೊಂಡ್ಲು. ಬೆಕ್ಕು ಓಡ್ಲಿಲ್ಲ, ಅಪ್ಪ ಓಡಿದ್ರು," ಅಂದಳು ಇನ್ನೊಬ್ಬಳು. ಮನೆ ಮಿಸ್ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಈಗ ನಿಂದು ಹೇಳಮ್ಮ ಪುಟ್ಟಿ."

ನಮ್ಮವಳು ತಲೆ ಅಲ್ಲಾಡಿಸಿದಳು.

"ನಿಮ್ಮ ಪಾಪು ಮನೆಗೆ ಬಂತಾ?" ಅಂತ ಹಲ್ಲಿನ ಅಜ್ಜನ ಮೊಮ್ಮಗ ಕೇಳಿದ.

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸುಮ್ಮನೆ ಮುಚ್ಚಿದ್ದಲ್ಲ. ಒಳಗಿನಿಂದ ಏನೋ ಹೊರಗೆ ಬಿದ್ದುಬಿಡುತ್ತದೆ ಎಂಬಂತೆ ಬೆರಳು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿದ್ದಳು.

*

ಮಕ್ಕಳನ್ನು ಅಂಗಳಕ್ಕೆ ಬಿಟ್ಟು ಇಬ್ಬರು ಮಿಸ್‌ಗಳೂ ಹಜಾರಕ್ಕೆ ಬಂದರು. ಊರ ಮಿಸ್ ನನ್ನ ಅಮ್ಮನ ವಯಸ್ಸಿನವರು, ಎತ್ತರದ ಹೆಂಗಸು. ಮನೆ ಮಿಸ್ ಎಳೆಯ ಹುಡುಗಿ.

"ನೀವೇ ನೋಡಿದ್ರಲ್ಲ ಅಮ್ಮಾ," ಅಂದರು ಮನೆ ಮಿಸ್. "ನನ್ನ ಕೋಣೇಲಿ ಬಾಯೇ ಬಿಡಲ್ಲ. ನನ್ನಿಂದ ಏನಾದ್ರೂ ತಪ್ಪಾಯ್ತಾ ಅಂತ ನಂಗೆ ನಿದ್ದೇನೇ ಇಲ್ಲ. ಮನೇಲಿ ಹೇಗಿದಾಳೆ?"

"ಮನೇಲೂ ಹೀಗೇ."

ಊರ ಮಿಸ್ ನನಗೆ ಅರ್ಥವಾಗಲೆಂದು ಬಿಡಿಸಿ ಬಿಡಿಸಿ ಊರಮಾತಿನಲ್ಲಿ ಹೇಳಿದರು. "ನನ್ನ ಕೋಣೆಯಲ್ಲಿ ಮಾತಾಡುತ್ತಾಳೆ. ಪಾಪುವಿನ ವಿಷಯವನ್ನೂ ಹೇಳಿದಳು. ಗೊಂಬೆ ಮಲಗಿಸುವಾಗ. ನಮ್ಮ ಪಾಪು ಸತ್ತುಹೋಯಿತು ಅಂದಳು. ಅವಳಿಗೆ ನೀವು ಮುಚ್ಚಿಡದೆ ಹೇಳಿದ್ದು ಒಳ್ಳೆಯದಾಯಿತು ಅಂದುಕೊಂಡೆ."

"ನಾವು ಹೇಳಿಲ್ಲ," ಅಂದೆ.

ಹೇಳುತ್ತಿದ್ದ ಹಾಗೆಯೇ ಬಟಾಣಿಯ ರೈಲು ಕಣ್ಣ ಮುಂದೆ ಬಂತು. ಕೊನೆಯ ಕಾಳಿನ ಮೇಲೆ ಒತ್ತಿಕೊಂಡಿದ್ದ ಆ ಪುಟ್ಟ ಬೆರಳು. ಇವರ ಊರಮಾತು ತಿದ್ದುವ ಹುಡುಗಿಯ ಎದುರಿಗೆ ಕೂತು ಊರಮಾತಿನಲ್ಲಿ ಗುಟ್ಟು ಆಡಿದ್ದೆವು. ಬುದ್ಧಿ ಎಲ್ಲಿಗೆ ಮೇಯಲು ಹೋಗಿತ್ತೋ ಇಬ್ಬರದೂ. ಆ ಸಂಜೆಯಿಂದಲೂ ಅವಳಿಗೆ ಗೊತ್ತಿದೆ. ನಾನು ಬಿಳಿ ಅಂಗಿ ಒಗೆದು ಹಾಕುವಾಗಲೆಲ್ಲ ಅವಳು ಅದನ್ನು ನೋಡುತ್ತಾ ನಿಂತಿರುತ್ತಾಳೆ.

"ಇನ್ನೊಂದಿದೆ," ಅಂದರು ಊರ ಮಿಸ್. "ಅಮ್ಮ ತುಂಬ ಅಳುತ್ತಾರಾ ಅಂತ ಕೇಳಿದೆ. ಇಲ್ಲ, ಅಲ್ಲಿ ಪಾಪು ಚೆನ್ನಾಗಿದೆ ಅಂದಳು. ಅಲ್ಲಿ ಅಂತ ಪರದೆಯ ಕಡೆ ಬೆರಳು ತೋರಿಸಿದಳು."

"ನನ್ನ ಕೋಣೇಲಿ ಬಟ್ಟೆ ಗೊಂಬೆ ಒಂದಿದೆ, ಅದನ್ನೇ ಹೇಳಿರ್ಬೇಕು," ಅಂದರು ಮನೆ ಮಿಸ್.

ನನಗೆ ಯಾವುದೂ ತಲೆಗೆ ಹೋಗಲಿಲ್ಲ. ಇಷ್ಟು ದಿನ ಬಾರದ ಅಳು ಆ ಪುಟಾಣಿ ಕುರ್ಚಿಯ ಮೇಲೆ ಕೂತಿದ್ದಾಗ ಬಂತು. ಊರಮಾತಿನಲ್ಲಿ ಏನೋ ಹೇಳಲು ಹೋದೆ, ಒಂದು ಪದವೂ ಸಿಗಲಿಲ್ಲ. ಆಗ ಊರ ಮಿಸ್ ನನ್ನ ಮುಂದೆ ನೆಲದ ಮೇಲೆಯೇ ಕೂತು, ನನ್ನ ಕೈ ಹಿಡಿದು, ನಮ್ಮ ಮಾತಿನಲ್ಲಿ ಹೇಳಿದರು:

"ಅಳಿ ತಾಯಿ. ಅತ್ತುಬಿಡಿ. ನೀವು ನಿಮ್ಮ ಮಾತಿನಲ್ಲೇ ಹೇಳಿ, ನನಗೆ ಎಲ್ಲ ತಿಳಿಯುತ್ತೆ."

ಸ್ವಲ್ಪ ತೊದಲಿದರು, ಅಷ್ಟೇ. ಮನೆ ಮಿಸ್ ಥಟ್ಟನೆ ಬಾಗಿಲ ಕಡೆ ನೋಡಿದರು. ನಾನೂ ತಿರುಗಿದೆ. ಬಾಗಿಲಲ್ಲಿ ಮಗಳು ನಿಂತಿದ್ದಳು. ಅಂಗಳದಿಂದ ಯಾವಾಗ ಬಂದಳೋ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಬಾಯಿ ಅರ್ಧ ತೆರೆದು ಊರ ಮಿಸ್‌ನ ಬಾಯಿಯನ್ನೇ ನೋಡುತ್ತಿದ್ದಳು.

*

ಮಗಳನ್ನು ಕರೆದುಕೊಂಡು ಮನೆಯ ದಾರಿ ಹಿಡಿದೆ. ಮೋಡ ಕವಿದು ಬೀದಿಯೆಲ್ಲ ಬೂದಿಯ ಬಣ್ಣಕ್ಕೆ ತಿರುಗಿತ್ತು. ಔಷಧಿ ಅಂಗಡಿ, ಬಸ್ ನಿಲ್ದಾಣ, ಬೀಗ ಹಾಕಿದ ಸಿನಿಮಾ ಮಂದಿರ ದಾಟಿದೆವು. ರಸ್ತೆ ದಾಟುವಾಗ ಅವಳು ನನ್ನ ಕಿರುಬೆರಳು ಹಿಡಿದುಕೊಂಡಳು. ದಾಟಿದ ಮೇಲೂ ಬಿಡಲಿಲ್ಲ. ಇವತ್ತು ಹೇಳಲೇಬೇಕು ಅಂತ ಹಲ್ಲು ಕಚ್ಚಿ ನಡೆದೆ. ನಮ್ಮ ಮನೆಯ ಮೆಟ್ಟಿಲ ಬುಡದಲ್ಲಿ ಅವಳು ನಿಂತಳು.

"ಅಮ್ಮಾ."

ಎಷ್ಟೋ ದಿನದ ಮೇಲೆ ಆ ಒಂದು ಪದ ಕೇಳಿ, ಅವಳ ಮುಂದೆ ಬಗ್ಗಿದೆ. "ಏನು ಮಗಳೇ?"

"ಊರ ಮಿಸ್‌ಗೆ ನಮ್ಮ ಮಾತು ಬರುತ್ತಾ?"

"ಬರುತ್ತೆ."

"ಮುಂಚಿಂದಾನೂ?"

"ಮುಂಚಿಂದಾನೂ. ಬರಲ್ಲ ಅಂತ ಸುಮ್ನೆ ಹಾಗೆ ಮಾಡ್ತಿದ್ರು, ನೀವು ಕಲೀಲಿ ಅಂತ."

"ಪರದೆ ಆ ಕಡೆ ಇದ್ರೂ ಈ ಕಡೇದು ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು."

ಅವಳು ಹುಬ್ಬು ಗಂಟು ಹಾಕಿಕೊಂಡು ಮೆಟ್ಟಿಲು ಹತ್ತಿದಳು. ಒಂದು ಮೆಟ್ಟಿಲಿಗೆ ಎರಡೂ ಕಾಲಿಟ್ಟು, ಆಮೇಲೆ ಇನ್ನೊಂದು ಮೆಟ್ಟಿಲು, ಹಾಗೆ. ನಾನು ಹಿಂದೆ ಅವಳ ಚೀಲ ಹಿಡಿದು ನಿಧಾನವಾಗಿ ಬಂದೆ.

ಬಾಗಿಲು ತೆರೆದರೆ ಒದ್ದೆ ಬಟ್ಟೆಯ ಮುಗ್ಗಲು ವಾಸನೆ. ಬೆಳಿಗ್ಗೆ ಬಿಟ್ಟುಹೋದ ಬಕೆಟ್ಟು ಮೂಲೆಯಲ್ಲಿ ಹಾಗೇ ಇತ್ತು, ತಂತಿಯ ಮೇಲೆ ಇವರ ಒಂಟಿ ಅಂಗಿ. ಮೊದಲು ಏನು ಮಾಡುವುದೆಂದು ತೋಚದೆ ಬಟ್ಟೆ ಒದರಲು ನಿಂತೆ. ಅವಳು ಬಂದು ಬಕೆಟ್ಟಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಒಂದೊಂದೇ ಬಟ್ಟೆ ಎತ್ತಿ ಕೊಡತೊಡಗಿದಳು. ಅದು ಅವಳ ಹಳೆಯ ಕೆಲಸ. ಮೊದಲು, ಇದು ಅಪ್ಪಂದು, ಇದು ನಂದು, ಇದು ಒರೆಸೋದು ಅಂತ ಹೇಳುತ್ತಾ ಕೊಡುತ್ತಿದ್ದಳು. ಈಗ ಸುಮ್ಮನೆ ಕೊಟ್ಟಳು. ಪ್ಯಾಂಟು ಕೊಟ್ಟಳು. ಲಂಗ ಕೊಟ್ಟಳು. ಟವೆಲ್ಲು ಕೊಟ್ಟಳು.

ಕೈ ಚಾಚಿ ನಿಂತೆ. ಮುಂದಿನದು ಬರಲಿಲ್ಲ.

ತಿರುಗಿ ನೋಡಿದರೆ ಬಿಳಿ ಅಂಗಿಯನ್ನು ಮಡಿಲಲ್ಲಿ ಹರಡಿಕೊಂಡಿದ್ದಳು. ಅದರ ತೋಳಿನೊಳಗೆ ಒಂದು ಬೆರಳು ತೂರಿಸಿ, ಮೆಲ್ಲಗೆ ಹೊರಗೆಳೆದು, ಮತ್ತೆ ತೂರಿಸುತ್ತಿದ್ದಳು. ಅಂಗಿಯ ನೀರು ಇಳಿದು ಅವಳ ಫ್ರಾಕು ನೆನೆಯುತ್ತಿತ್ತು. ನಾನು ಕ್ಲಿಪ್ಪುಗಳನ್ನು ಕೆಳಗಿಟ್ಟು ಅವಳ ಎದುರಿಗೆ ನೆಲದ ಮೇಲೆ ಕೂತೆ. ಇವತ್ತು ನಾನೇ ಶುರು ಮಾಡಬೇಕು ಅಂದುಕೊಂಡು ಬಾಯಿ ತೆರೆದೆ.

ಅವಳು ತಲೆ ಎತ್ತಿದಳು. ಒಂದು ಕೈ ಬಾಯಿಯ ತನಕ ಹೋಗಿ, ಮುಚ್ಚದೆ, ಹಾಗೇ ಕೆಳಗಿಳಿಯಿತು.

"ಅಮ್ಮಾ, ನಮ್ಮ ಮಾತಲ್ಲೂ ಪಾಪು ಸತ್ತುಹೋಗಿದೆಯಾ?"